ತೇಜೋ ನದಿಯ ಜಾಡು ಹಿಡಿದು ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ

ಮ್ಯಾಡ್ರಿಡ್‌ನಿಂದ ಲಿಸ್ಬನ್‌ಗೆ ವಿಮಾನದಲ್ಲಿ ಹೋಗುವವರು ಬಲಬದಿಯ ಕಿಟಕಿ ಸೀಟನ್ನೇ ಹಿಡಿಯಬೇಕು. ಯಾಕೆಂದರೆ ಆ ಬದಿಯಲ್ಲಿ ತೇಜೋ ನದಿ ಕಾಣುತ್ತದೆ.

ಎರಡು ರಾಜಧಾನಿಗಳ ನಡುವೆ ನೇರ ಅಂತರ ಸುಮಾರು 500 ಕಿ.ಮೀ. ಹೆಚ್ಚುಕಡಿಮೆ ನಮ್ಮ ಬೆಂಗಳೂರು–ಹೈದರಾಬಾದಿನಷ್ಟು. ರಸ್ತೆಯಲ್ಲಾದರೆ 625ರ ಹತ್ತಿರ. ಬಸ್ಸಿಗೆ ಎಂಟು ಗಂಟೆಯಾದರೂ ಬೇಕು. ರಾತ್ರಿ ಓಡುತ್ತಿದ್ದ ಲುಸಿಟಾನಿಯಾ ರೈಲು 2020ರ ಮಾರ್ಚ್‌ನಲ್ಲಿ ಕೊರೊನಾ ಕಾಲಕ್ಕೆ ನಿಂತದ್ದು ಮತ್ತೆ ಹೊರಡಲಿಲ್ಲ. ಅಕ್ಕಪಕ್ಕದ ದೇಶಗಳ ರಾಜಧಾನಿಗಳಿಗೆ ಒಂದು ನೇರ ರೈಲೂ ಇಲ್ಲವೆಂದರೆ ಬೇಸರವಾಗುತ್ತದೆ. ಹಾಗಾಗಿ ವಿಮಾನವೇ ಗತಿ.

ಮ್ಯಾಡ್ರಿಡ್‌ನ ಬರಾಹಾಸ್ ವಿಮಾನ ನಿಲ್ದಾಣದ ನಾಲ್ಕನೇ ಟರ್ಮಿನಲ್‌ನಲ್ಲಿ ತಲೆ ಮೇಲೆ ಅಲೆಅಲೆಯಾದ ಬಿದಿರಿನ ಚಾವಣಿ. ಕಂಬಗಳ ಬಣ್ಣ ಒಂದು ತುದಿಯಿಂದ ಇನ್ನೊಂದಕ್ಕೆ ನೀಲಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುತ್ತಾ ಹೋಗುತ್ತದೆ. ಯುರೋಪಿನ ಗಡಿ ತಪಾಸಣೆಯಿಲ್ಲದ ಷೆಂಗೆನ್ ದೇಶಗಳ ಒಳಗಿನ ಪ್ರಯಾಣವಾದ್ದರಿಂದ ಇಮಿಗ್ರೇಷನ್ ಸಾಲಿಲ್ಲ.

ಬೆಳಿಗ್ಗೆ 10.10ಕ್ಕೆ ಹೊರಟೆವು. ಮೇಲೇರುತ್ತಿದ್ದಂತೆ ಮೆಸೆತಾ ಪ್ರಸ್ಥಭೂಮಿಯ ಒಣ ಹೊಲಗಳು, ಅಲ್ಲಲ್ಲಿ ಚುಕ್ಕಿಯಿಟ್ಟಂತೆ ಮರಗಳು. ಸ್ವಲ್ಪ ಹೊತ್ತಿಗೆ ನೀರು ಕಂಡಿತು. ಅಣೆಕಟ್ಟುಗಳಿಂದಾಗಿ ನದಿ ಇಲ್ಲಿ ಹರಿಯುವುದಕ್ಕಿಂತ ನಿಂತದ್ದೇ ಹೆಚ್ಚು. ಗುಡ್ಡಗಳ ಸಂದಿಗೆಲ್ಲ ಬೆರಳು ಚಾಚಿದ ಹಿನ್ನೀರು, ಅಂಚಿನಲ್ಲಿ ನೀರಿಳಿದ ಬಿಳಿ ಗೆರೆ. ಸ್ಪೇನಿನವರು ಇದನ್ನು ತಾಹೋ ಎನ್ನುತ್ತಾರೆ. ತೊಲೇದೊ ನಗರವನ್ನು ಸುತ್ತಿ, ಟ್ರೇಜನ್ ಚಕ್ರವರ್ತಿಯ ಕಾಲದ ಅಲ್ಕಾಂತರ ಸೇತುವೆಯ ಕೆಳಗೆ ಹಾದು, ಕೊಂಚ ದೂರ ಎರಡು ದೇಶಗಳ ಗಡಿಯಾಗಿ, ಕೊನೆಗೆ ಲಿಸ್ಬನ್ನಿನಲ್ಲಿ ಅಟ್ಲಾಂಟಿಕ್ ಸೇರುವ ಈ ನದಿಯ ಉದ್ದ ಸಾವಿರ ಕಿ.ಮೀ.ಗೂ ಮಿಗಿಲು. ಪೋರ್ಚುಗಲ್ ಬಂದಂತೆ ನೆಲಕ್ಕೆ ಹಸಿರು ಹತ್ತುತ್ತದೆ. ಬಾಟಲಿಯ ಬಿರಡೆಗೆ ತೊಗಟೆ ಕೊಡುವ ಕಾರ್ಕ್ ಓಕ್ ತೋಪುಗಳ ಸೀಮೆ ಇದು.

ಉತ್ತರದ ಗಾಳಿ ಇದ್ದ ದಿನ ವಿಮಾನ ದಕ್ಷಿಣದಿಂದ ನದಿ ದಾಟಿ, ಊರಿನ ಮೇಲೆಯೇ ಇಳಿಯುತ್ತದೆ. ನಮಗೂ ಆ ಭಾಗ್ಯ ಸಿಕ್ಕಿತು. 1966ರ ಕೆಂಪು ತೂಗುಸೇತುವೆ, ಹೆಂಚಿನ ಮಾಡುಗಳು, ಮಹಡಿ ಮೇಲೆ ಒಣಹಾಕಿದ ಬಟ್ಟೆಯೂ ಕಾಣುವಷ್ಟು ಹತ್ತಿರ!

ಗಾಳಿಯಲ್ಲಿದ್ದದ್ದು ಹೆಚ್ಚೆಂದರೆ ಒಂದು ಗಂಟೆ; ನೆಲದ ಮೇಲೆ ವಿಮಾನದ ಓಡಾಟ, ಕಾಯುವಿಕೆ ಸೇರಿ ಒಂದೂಕಾಲು. ಆದರೆ ಲಿಸ್ಬನ್ ಗಡಿಯಾರದಲ್ಲಿ 10.25 ಅಷ್ಟೇ. 1940ರಲ್ಲಿ ಫ್ರಾಂಕೊ ಸರ್ಕಾರ ಸ್ಪೇನಿನ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು. ಅದು ಹಾಗೇ ಉಳಿದಿದೆ. ಮರಳುವಾಗ ಈ ಗಂಟೆ ಕೈಬಿಡುತ್ತದೆ, ಮ್ಯಾಡ್ರಿಡ್‌ನಿಂದ ಮುಂದಿನ ರೈಲಿನ ಟಿಕೆಟ್ ಕಾದಿರಿಸುವಾಗ ನೆನಪಿರಲಿ.

ನಿಲ್ದಾಣದಿಂದಲೇ ಮೆಟ್ರೊ ಹಿಡಿದು, ಮುಂದೆ ಟ್ರಾಮ್‌ನಲ್ಲಿ ಲಿಸ್ಬನ್ನಿನ ಬೆಲೆಂ ಬಡಾವಣೆಗೆ ಹೋದೆ. ವಾಸ್ಕೊ ಡ ಗಾಮ 1497ರ ಜುಲೈಯಲ್ಲಿ ಇಲ್ಲಿಂದ ಹೊರಟು ಕಲ್ಲಿಕೋಟೆ ತಲುಪಿದ್ದು ಮರುವರ್ಷದ ಮೇ ತಿಂಗಳಲ್ಲಿ. ಹಿಂದಿರುಗುವಾಗ ನಮ್ಮ ಕಾರವಾರದ ಎದುರಿನ ಅಂಜದೀವದಲ್ಲಿ ಹಡಗುಗಳ ದುರಸ್ತಿಗೆ ನಿಂತಿದ್ದ. ಜೆರೋನಿಮಸ್ ಮಠದ ಚರ್ಚಿನೊಳಗೆ ಅವನ ಸಮಾಧಿಯಿದೆ. ಕಲ್ಲಿನಲ್ಲಿ ಹಡಗನ್ನೂ ಕೆತ್ತಿದ್ದಾರೆ.