ಹೆಬ್ಬೆಟ್ಟು ಒತ್ತಿದ ಪಾಸ್‌ಪೋರ್ಟ್

ಕಳೆದ ಡಿಸೆಂಬರಿನಲ್ಲಿ ರಜೆಗೆಂದು ಓಹಿಯೋದಿಂದ ಬಸವನಗುಡಿಯ ಮನೆಗೆ ಬಂದಾಗ ನನ್ನ ಚೀಲದಲ್ಲಿ ಗೆಳತಿಯೊಬ್ಬಳ ಹಳೆಯ ಭಾರತೀಯ ಪಾಸ್‌ಪೋರ್ಟಿನ ನಕಲು ಇತ್ತು. ಎಂಟು ತಿಂಗಳ ಕೂಸಿನ ಫೋಟೋ. ಕೂಸು ವಾಲದಂತೆ ಹಿಡಿದ ಯಾರದೋ ಬೆರಳುಗಳು ಅಂಚಿನಲ್ಲಿ ಕಾಣುತ್ತವೆ. ಸಹಿಯ ಜಾಗದಲ್ಲಿ ಕಡಲೆಕಾಳಿನಷ್ಟು ಹೆಬ್ಬೆಟ್ಟಿನ ಗುರುತು. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು.

ಆ ಕೂಸಿಗೆ ಈಗ ನಲವತ್ತೈದು ದಾಟಿದೆ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮರುವರ್ಷ ಅಮೆರಿಕದ ದಂಪತಿಯ ಮಡಿಲು ಸೇರಿದವಳು. ನಮ್ಮ ಕನ್ನಡ ಕೂಟದ ಯುಗಾದಿಯ ದಿನ ಬೇವು ಬೆಲ್ಲ ಕೈಗಿಟ್ಟಾಗ ‘ನಾನೂ ಬೆಂಗಳೂರಿನವಳೇ’ ಎಂದು ಇಂಗ್ಲಿಷಿನಲ್ಲಿ ಹೇಳಿ ಅತ್ತಿದ್ದಳು. ಹುಟ್ಟೂರನ್ನು ಒಮ್ಮೆ ನೋಡಬೇಕೆಂದು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗಲೇ ಅವಳಿಗೆ ತಿಳಿದದ್ದು, ತಾನು ಅಮೆರಿಕದ ಪ್ರಜೆಯಲ್ಲ ಎಂದು.

ಆಗ ವಿದೇಶಿ ದಂಪತಿಗಳು ಸಾಮಾನ್ಯವಾಗಿ 1890ರ ಪೋಷಕರು ಮತ್ತು ಪೋಷಿತರ ಕಾಯ್ದೆಯಡಿ ಇಲ್ಲಿನ ನ್ಯಾಯಾಲಯದಿಂದ ಪೋಷಕತ್ವದ ಆದೇಶ ಪಡೆದು ಮಗುವನ್ನು ಕರೆದೊಯ್ಯುತ್ತಿದ್ದರು. ದತ್ತು ಪೂರ್ಣವಾಗುತ್ತಿದ್ದದ್ದು ಅಲ್ಲಿನ ನ್ಯಾಯಾಲಯದಲ್ಲಿ. ಪೌರತ್ವಕ್ಕೆ ಮತ್ತೊಂದು ಅರ್ಜಿ ಹಾಕಬೇಕಿತ್ತು. ದತ್ತು ಆದ ಮೇಲೆ ಎಲ್ಲವೂ ಮುಗಿಯಿತೆಂದು ಅವಳ ತಂದೆ ತಾಯಿ ನಂಬಿದ್ದರು. ಹಾಗಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಅಮೆರಿಕದಲ್ಲಿ ಮಕ್ಕಳ ಪೌರತ್ವ ಕಾಯ್ದೆ ಬಂದದ್ದು 2000ದಲ್ಲಿ. ನಿಯಮಗಳಿಗೆ ಒಳಪಟ್ಟ ದತ್ತು ಮಕ್ಕಳಿಗೆ ಅರ್ಜಿಯಿಲ್ಲದೆಯೇ ಪೌರತ್ವ ದೊರಕಿತು. ಆದರೆ ಅದು ಜಾರಿಗೆ ಬಂದ 2001ರ ಫೆಬ್ರವರಿ 27ಕ್ಕೆ ಹದಿನೆಂಟು ತುಂಬಿದವರೆಲ್ಲ ಹೊರಗುಳಿದರು. ಅವಳಿಗೆ ಆಗ ಇಪ್ಪತ್ತೊಂದು.

‘ಹೆತ್ತ ಮಗಳಾಗಿದ್ದರೆ ಹೀಗೆ ಕೇಳುತ್ತಿದ್ದರೇನೇ?’ ಎಂದರು ಅಮ್ಮ. ಮಾತೆಲ್ಲ ಇರುವುದು ಇಲ್ಲೇ. ಮುಂಬೈಯಿಂದ ದತ್ತು ಹೋಗಿದ್ದ ಮಹಿಳೆಯೊಬ್ಬರನ್ನು ಒಂದು ಅಪರಾಧದ ಕಾರಣ 2008ರಲ್ಲಿ ಗಡೀಪಾರು ಮಾಡಿ ಮತ್ತೆ ಮುಂಬೈಗೆ ತಂದುಬಿಟ್ಟರು. ಅವರ ಇಬ್ಬರು ಮಕ್ಕಳು ಅಮೆರಿಕದಲ್ಲೇ ಉಳಿದರು. ತಪ್ಪಿಗೆ ಶಿಕ್ಷೆಯಾಗಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಆ ಮನೆಯ ಹೆತ್ತ ಮಗ ಅದೇ ತಪ್ಪು ಮಾಡಿದ್ದರೆ ಶಿಕ್ಷೆ ಮುಗಿಸಿ ಮನೆಗೆ ಬರುತ್ತಿದ್ದ. ದತ್ತು ಮಗಳಿಗೆ ಮಾತ್ರ ಭಾಷೆ ತಿಳಿಯದ, ಬಂಧುಗಳಿಲ್ಲದ ದೇಶವೇ? ಇದನ್ನು ನ್ಯಾಯವೆಂದು ನಾನು ಒಪ್ಪಲಾರೆ.

ವಯಸ್ಸಿನ ಈ ಗೆರೆಯನ್ನು ಅಳಿಸುವ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಮತ್ತೆ ಮತ್ತೆ ಮಂಡನೆಯಾಗಿದೆ. 2022ರಲ್ಲಿ ದೊಡ್ಡದೊಂದು ಮಸೂದೆಯ ಭಾಗವಾಗಿ ಕೆಳಮನೆಯನ್ನು ದಾಟಿತ್ತು, ಕೊನೆಯ ಕಾಯ್ದೆಯಲ್ಲಿ ಬಿಟ್ಟುಹೋಯಿತು. ನಮ್ಮ ಕೂಟದ ಕೆಲವರು ನಮ್ಮ ಕ್ಷೇತ್ರದ ಪ್ರತಿನಿಧಿಗೆ ಪತ್ರ ಬರೆಯುತ್ತಲೇ ಇದ್ದೇವೆ. ಅಲ್ಲಿ ಮತದಾರರಾಗಿರುವ ನಿಮ್ಮ ಮಕ್ಕಳಿಗೂ ಬರೆಯಲು ಹೇಳಿ. ನಿಮ್ಮ ಬಂಧುಗಳು ಇಲ್ಲಿಂದ ಮಗುವನ್ನು ದತ್ತು ಪಡೆದಿದ್ದರೆ ಪೌರತ್ವದ ಪ್ರಮಾಣಪತ್ರ ಕೈಗೆ ಬಂದಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಗೆಳತಿ ಈಗ ಪೌರತ್ವಕ್ಕೆ ಸ್ವತಃ ಅರ್ಜಿ ಹಾಕುತ್ತಿದ್ದಾಳೆ. ಹುಟ್ಟಿನ ಹೆಸರು ಬದಲಾದದ್ದಕ್ಕೆ ಆಧಾರವಾಗಿ ಬೆಂಗಳೂರಿನ ಆದೇಶದ ದೃಢೀಕೃತ ಪ್ರತಿ ಬೇಕಿತ್ತು. ವಕೀಲರ ಮೂಲಕ ಅರ್ಜಿ ಕೊಟ್ಟು ಮೂರು ವಾರ ಓಡಾಡಿದೆ. ಕೊನೆಗೆ ದಾಖಲೆ ಕೊಠಡಿಯಿಂದ ಬಟ್ಟೆ ಸುತ್ತಿದ ಕಟ್ಟು ಹೊರಬಂತು. ಹಾಳೆಗಳ ಅಂಚು ಹಪ್ಪಳದಂತೆ ಮುರಿಯುತ್ತಿತ್ತು.

ಅಂದು ರಾತ್ರಿ ಅವಳಿಗೆ ವಿಡಿಯೋ ಕರೆ ಮಾಡಿದೆ. ಪಾಸ್‌ಪೋರ್ಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನೋಡಿದ್ದ ತನ್ನ ಮೊದಲ ಹೆಸರನ್ನು ಯಾರ ಬಾಯಿಂದಲೂ ಅವಳು ಕೇಳಿರಲಿಲ್ಲ. ‘ಅಮ್ಮನಿಂದ ಒಮ್ಮೆ ಹೇಳಿಸುತ್ತೀಯಾ?’ ಎಂದಳು. ಅಮ್ಮ ಫೋನನ್ನು ಹತ್ತಿರ ಹಿಡಿದು, ತೊಟ್ಟಿಲ ಮಗುವನ್ನು ಕರೆದಂತೆ, ಆ ಹೆಸರನ್ನು ಕರೆದರು. ಅವಳು ಇನ್ನೊಮ್ಮೆ ಕರೆಯಲು ಕೇಳಿದಳು.