ತಪ್ಪು ಉತ್ತರ ಬರೆಯುವುದೇ ನನ್ನ ಅರ್ಧ ಕೆಲಸ

ಕಲಿಕೆಯ ಆ್ಯಪ್ ಒಂದಕ್ಕೆ ಕ್ವಿಜ್ ಪ್ರಶ್ನೆ ಬರೆಯುವುದು ನನ್ನ ಕೆಲಸ. ಸರಿ ಉತ್ತರಕ್ಕೆ ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ತಲೆ ಕೆಡಿಸಿಕೊಳ್ಳಬೇಕಾದದ್ದು ತಪ್ಪು ಉತ್ತರಗಳಿಗೆ.

ಒಂದು ಲೆಕ್ಕ ನೋಡಿ. 1/2 + 1/3 ಎಷ್ಟು? ಸರಿ ಉತ್ತರ 5/6. ಮಿಕ್ಕ ಮೂರು ಆಯ್ಕೆಗೆ ಸುಮ್ನೆ ಮನಸ್ಸಿಗೆ ಬಂದ ಸಂಖ್ಯೆ ಹಾಕಿದರೆ ಪ್ರಶ್ನೆ ದಂಡ. ನಾನು 2/5 ಇಡುತ್ತೇನೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದವರು ನೇರ ಅಲ್ಲಿಗೇ ಬರುತ್ತಾರೆ. ಛೇದ ಸರಿಮಾಡಿ ಅಂಶವನ್ನು ಹಾಗೇ ಬಿಟ್ಟವರಿಗೆ 2/6. ಕೂಡುವ ಬದಲು ಗುಣಿಸಿದವರಿಗೆ 1/6. ಯಾರು ಯಾವುದನ್ನು ಒತ್ತಿದರು ಅಂತ ನೋಡಿದರೆ ಎಲ್ಲಿ ಎಡವಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಅದಕ್ಕೆ ತಕ್ಕ ವಿವರಣೆಯನ್ನೇ ತೋರಿಸಬಹುದು. ಬರೀ ಕೆಂಪು ಗುರುತು ತೋರಿಸಿದರೆ ಕಲಿಯುವವರಿಗೆ ಏನು ಸಿಕ್ಕಿತು?

‘ಮೇಲಿನ ಎಲ್ಲವೂ ಸರಿ’ ಅನ್ನುವ ಆಯ್ಕೆ ಕಂಡರೆ ನನಗಾಗದು. ಎರಡು ಸರಿ ಅಂತ ಗೊತ್ತಾದರೆ ಸಾಕು, ಮೂರನೆಯದನ್ನು ಓದುವುದೇ ಬೇಡ. ಸರಿ-ತಪ್ಪು ಪ್ರಶ್ನೆಯೂ ಅಷ್ಟೆ, ಕಣ್ಣು ಮುಚ್ಚಿ ಒತ್ತಿದರೂ 50% ಅವಕಾಶ. ಪಾಠದ ನಡುವೆ ಗಮನ ಸೆಳೆಯೋಕೆ ಸರಿ, ಅಂಕ ಕೊಡೋಕೆ ಬೇಡ.

ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಎಡಕ್ಕೆ ಐದು, ಬಲಕ್ಕೂ ಐದೇ ಇದ್ದರೆ ಕೊನೆಯದು ಪುಕ್ಕಟೆ. ಬಲಕ್ಕೆ ಏಳು ಇಡಿ. ಕ್ರಮವಾಗಿ ಜೋಡಿಸುವ ಪ್ರಶ್ನೆಯಲ್ಲಿ ಊಹೆ ನಡೆಯುವುದಿಲ್ಲ, ಐದು ಹಂತಗಳನ್ನು 120 ರೀತಿಯಲ್ಲಿ ಜೋಡಿಸಬಹುದು. ಆದರೆ ಅಂಕ ಕೊಡುವಾಗ ಜೋಪಾನ. ಮೊದಲ ಹಂತವನ್ನು ಕೊನೆಗೆ ಇಟ್ಟವರಿಗೆ ಐದೂ ಜಾಗ ತಪ್ಪಾಗುತ್ತವೆ, ಮಿಕ್ಕ ನಾಲ್ಕರ ಕ್ರಮ ಗೊತ್ತಿದ್ದರೂ ಸೊನ್ನೆ! ಯಾವುದರ ಬೆನ್ನಿಗೆ ಯಾವುದು ಬಂದಿದೆ ಅಂತ ಎಣಿಸುವುದು ನ್ಯಾಯ. ಅಂದಹಾಗೆ, ಹಂತಗಳನ್ನು ಪರದೆಯ ಮೇಲೆ ಎಳೆದು ಜಾಗಕ್ಕೆ ಬಿಡುವುದು ಎಲ್ಲರ ಕೈಗೂ ಆಗುವುದಿಲ್ಲ. ಅಂಗವೈಕಲ್ಯ ಇರುವವರಿಗೂ ವೆಬ್ ಬಳಸಲು ಆಗಲಿ ಅಂತ ರೂಪಿಸಿದ, 2023ರ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯೂ ಎಳೆಯದೆ ಮಾಡುವ ದಾರಿ ಇರಲಿ ಅನ್ನುತ್ತದೆ. ಒಮ್ಮೆ ಒತ್ತಿ ಆರಿಸುವುದು, ಇನ್ನೊಮ್ಮೆ ಒತ್ತಿ ಇಡುವುದು, ಇಷ್ಟು ಸಾಕು.

ನನಗೆ ಇಷ್ಟವಾದದ್ದು ಬಿಟ್ಟ ಸ್ಥಳ ತುಂಬುವುದು. ಕಣ್ಣೆದುರಿನ ಉತ್ತರವನ್ನು ಗುರುತಿಸುವುದೇ ಬೇರೆ, ನೆನಪಿನಿಂದ ಹೊರತೆಗೆಯುವುದೇ ಬೇರೆ, ಅಲ್ವಾ? ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಮುಂದಿದ್ದವರು ನೆನಪಿಸಿಕೊಂಡು ಬರೆದವರು.

ಆದರೆ ಕನ್ನಡದಲ್ಲಿ ಟೈಪ್ ಮಾಡಿಸುವುದು ತಲೆನೋವು. ಒಬ್ಬರು 5 ಅಂತ ಬರೆದರೆ ಇನ್ನೊಬ್ಬರು ೫ ಅನ್ನುತ್ತಾರೆ. ಕೊನೆಯಲ್ಲೊಂದು ಖಾಲಿ ಜಾಗ ಸೇರಿರುತ್ತದೆ. ‘ಸಾಫ್ಟ್‌ವೇರ್’ ಪದದಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದು ನಡುವೆ ಕೂತಿರುತ್ತದೆ. ಕೆಲವರ ಕೀಬೋರ್ಡಿನಲ್ಲಿ ಅದು ಬರುವುದೇ ಇಲ್ಲ. ಹಾಗಾಗಿ ಹೋಲಿಸುವ ಮೊದಲು ಇವನ್ನೆಲ್ಲ ಒಂದೇ ರೂಪಕ್ಕೆ ತರುತ್ತೇವೆ, ಒಪ್ಪಬಹುದಾದ ಉತ್ತರಗಳ ಪಟ್ಟಿಯನ್ನೂ ಮಾಡುತ್ತೇವೆ. ಪಟ್ಟಿ ತೀರಾ ಉದ್ದವಾದರೆ ಆ ಪ್ರಶ್ನೆಯನ್ನು ಬಹು ಆಯ್ಕೆಗೆ ತಿರುಗಿಸಿಬಿಡುತ್ತೇವೆ.