ಎರಡು ಮೂಟೆ ಕಾಫಿ, ಆರು ಫೋಟೋ

ಕೊಡಗಿನ ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದ್ರೆ ಲೆಕ್ಕ ಬರೆಯೋನು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ), ಮಳೆ ಲೆಕ್ಕ, ಮೂಟೆ ಲೆಕ್ಕ, ಓನರ್ ಬೆಂಗಳೂರಲ್ಲಿ ಇರೋದ್ರಿಂದ ದಿನಾ ಸಂಜೆ ವಾಟ್ಸಾಪ್ ರಿಪೋರ್ಟು ಬೇರೆ. ಹತ್ತು ಹದಿನೈದು ಫೋಟೋ ಕಳ್ಸಿದ್ರೆ "ಇಷ್ಟೊಂದು ಯಾರ್ರೀ ನೋಡ್ತಾರೆ, ಒಂದೇ ಮಾಡಿ ಕಳ್ಸಿ" ಅಂದ್ರು. ಹಂಗೆ ಶುರುವಾಗಿದ್ದು ಈ ಕೊಲಾಜ್ ಹುಚ್ಚು.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮಾಡಿದ್ದು ಸೂಪರ್ ಹಿಟ್. ಕದಿರು ಕುಯ್ಯೋದು, ಕೋವಿ ಗುಂಡು, ಬಾಗ್ಲಿಗೆ ಕಟ್ಟಿದ ಕದಿರು, ತಂಬಿಟ್ಟು, ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ನೋಡ್ದೆ ಜೋಡಿಸಿದ್ದೆ, ಓನರ್ ಮನೆ ಅಮ್ಮಾವ್ರು ಸ್ಟೇಟಸ್ಸಿಗೂ ಹಾಕ್ಕೊಂಡ್ರು. ಹುತ್ತರಿ ಅವ್ರಿಗೆ ಹುಟ್ಟಿದಾಗಿಂದ ಗೊತ್ತು, ಹೆಂಗೆ ಜೋಡಿಸಿದ್ರೂ ಅರ್ಥ ಆಗ್ತಿತ್ತು ಅನ್ನೋದು ನಂಗೆ ಹೊಳೀಲಿಲ್ಲ, ನಾನೇ ಏನೋ ಕಲಾವಿದ ಅನ್ಕೊಂಡೆ.

2021 ಜನವರಿ ಮೊದಲ ವಾರದ ಆ ಅಕಾಲ ಮಳೆ ಇಲ್ಲಿಯವ್ರಿಗೆಲ್ಲ ನೆನಪಿರುತ್ತೆ. ಕಣದ ತುಂಬ ಒಣಗೋಕೆ ಹಾಕಿದ ಚೆರಿ, ಅಂದ್ರೆ ಕಾಫಿ ಹಣ್ಣು, ಹರಡಿತ್ತು. ಮೋಡ ಕಟ್ಟಿದ್ದೇ ಮೇಸ್ತ್ರಿ ಕೂಗಿದ್ರು, ಎಲ್ರೂ ಓಡಿ ರಾಶಿ ಮಾಡಿ ಟಾರ್ಪಾಲ್ ಎಳೆದ್ರು. ಒಂದು ಮೂಲೇಲಿ ಟಾರ್ಪಾಲ್ ಹರಿದಿತ್ತು (ಹೊಸದು ಕೊಡ್ಸಿ ಅಂತ ನವೆಂಬರಿಂದ ಕೇಳ್ತಿದ್ದೆ, ಇರ್ಲಿ ಬಿಡಿ), ಅಲ್ಲಿ ಎರಡು ಮೂಟೆಯಷ್ಟು ನೆಂದಿತ್ತು. ಅಷ್ಟೇ.

ಆರು ಫೋಟೋ ಆಯ್ದೆ. ಮುಚ್ಚಿದ ಇಡೀ ಕಣದ್ದು ಬೋರು, ಬರೀ ನೀಲಿ. ನೆಂದ ಕಾಫಿದು ಮಾತ್ರ ಏನ್ ಬಂದಿತ್ತು ಅಂತೀರ, ಕಂದು ನೀರಲ್ಲಿ ಹಣ್ಣು ತೇಲ್ತಾ ಇದೆ, ಪಕ್ಕದಲ್ಲಿ ಒಬ್ರು ವಯಸ್ಸಾದ ಹೆಂಗಸು ಸೆರಗಲ್ಲಿ ಮುಖ ಒರೆಸ್ಕೊತಿದಾರೆ. ಅದನ್ನ ದೊಡ್ಡ ಚೌಕಕ್ಕೆ ಎಳೆದೆ. ಇಡೀ ಕಣದ್ದು ಕೆಳಗಿನ ಮೂಲೆಗೆ ಹೋಯ್ತು, ಆಪ್ ಅದರ ಎರಡೂ ಪಕ್ಕ ಕತ್ತರಿಸಿ ಟಾರ್ಪಾಲಿನ ಒಂದು ತುಂಡು ಉಳಿಸ್ತು. "ಎರಡು ಮೂಟೆ ಮಾತ್ರ" ಅಂತ ಬಿಳಿ ಅಕ್ಷರದಲ್ಲಿ ಸಣ್ಣದಾಗಿ ಬರ್ದೆ, ಅದೂ ಬೆಳ್ಳಗಿನ ಸಿಮೆಂಟ್ ಮೇಲೆ. ಕಳ್ಸಿದೆ, ನೀಲಿ ಟಿಕ್ ಬಂತು, ಕರೆಂಟ್ ಹೋಯ್ತು. ಅದರ ಹಿಂದೇನೇ ಟವರೂ.

ಆರಾಮಾಗಿ ಊಟ ಮಾಡಿ, ನಾಳೆ ಮಳೆ ಇದ್ಯಾ ನೋಡೋಣ ಅಂತ ಒಂಬತ್ತೂವರೆಗೆ ಪಂಪ್‌ಹೌಸ್ ದಿಬ್ಬ ಹತ್ತಿದೆ, ಅಲ್ಲಿ ಒಂದು ಕಡ್ಡಿ ಸಿಗ್ನಲ್ ಸಿಗುತ್ತೆ. ಫೋನ್ ನಡುಗೋಕೆ ಶುರು. 17 ಮಿಸ್ಡ್ ಕಾಲ್. "ಪೂರ್ತಿ ಹೋಯ್ತಾ?" "ರೈಟ್ರೇ ಫೋನ್ ಎತ್ತಿ". ಕೊನೇದು "ಹೊರಟಿದೀನಿ". 2018ರ ಆಗಸ್ಟಿನ ಪ್ರವಾಹ, ಗುಡ್ಡ ಕುಸಿತ ಆದ್ಮೇಲೆ ಕೊಡಗಿಂದ ಕೆಸರು ನೀರಿನ ಫೋಟೋ ಹೋದ್ರೆ ಅಲ್ಲಿ ಕೂತವ್ರ ಎದೆ ಧಸಕ್ ಅನ್ನುತ್ತೆ, ಅದು ನಂಗೆ ತಲೆಗೆ ಬರ್ಬೇಕಿತ್ತು. ತಿರುಗಿ ಮಾಡಿದ್ರೆ ಒಂದು ರಿಂಗು, ಕಟ್. ಮತ್ತೆ ಮಾಡಿದೆ, ಕಟ್. ಕೆಳಗೆ ಬಿದಿರು ಮುರಿದ ಸದ್ದು, ಆನೆನಾ ಗಾಳಿನಾ ಗೊತ್ತಿಲ್ಲ, ಟಾರ್ಚ್ ಆರಿಸಿ ಕಲ್ಲಿಗೆ ಒರಗಿ ನಿಂತೆ, ಬೆರಳು ಮಾತ್ರ ರೀಡಯಲ್ ಒತ್ತುತ್ತಲೇ ಇತ್ತು. ಕೊನೆಗೆ ಸಿಕ್ಕಿದ್ರು, ಹುಣಸೂರು ದಾಟಿದ್ರು.

"ಎರಡು ಮೂಟೆ ಸಾರ್."

ಆ ಕಡೆ ಕಾರಿನ ಇಂಡಿಕೇಟರ್ ಟಿಕ್ ಟಿಕ್ ಅನ್ನೋದು ಮಾತ್ರ ಕೇಳ್ತಿತ್ತು. ಆಮೇಲೆ, "ಎರಡು ಮೂಟೆಗೆ ಯಾಕ್ರೀ ಆ ಅಮ್ಮ ಅಳ್ತಾ ಇರೋದು?"

"ಅಳ್ತಿಲ್ಲ ಸಾರ್, ಮಳೆ ನೀರು ಒರೆಸ್ಕೊತಿದ್ರು."

ಬಂದವ್ರು ರಾತ್ರಿನೇ ಕಣ ಸುತ್ತಿ, ಬೆಲ್ಲದ ಕಾಫಿ ಕುಡಿದು, ಮಾತಾಡ್ದೆ ಮಲಗಿದ್ರು. ಬೈದಿದ್ರೆ ಚೆನ್ನಾಗಿತ್ತು. ಮಾರನೇ ವಾರ ಹೊಸ ಟಾರ್ಪಾಲ್ ಬಂತು, ಅದೊಂದು ಲಾಭ. ಈಗ ಇಡೀ ಕಣದ ಫೋಟೋನ ಕೊಲಾಜಿಗೆ ಸೇರಿಸಲ್ಲ, ಬೇರೆನೇ ಡಾಕ್ಯುಮೆಂಟ್ ಮಾಡಿ ಮೊದ್ಲು ಕಳ್ಸ್ತೀನಿ, ಮೂಟೆ ಲೆಕ್ಕ ಮೆಸೇಜಲ್ಲಿ ಟೈಪ್ ಮಾಡ್ತೀನಿ.

ಆದ್ರೆ ಆವತ್ತು ಗಾಬರಿಯಲ್ಲಿ ಓನರ್ ಆ ಕೊಲಾಜನ್ನ ಕಾಫಿ ವ್ಯಾಪಾರಿಗೂ ಫಾರ್ವರ್ಡ್ ಮಾಡಿದ್ರಂತೆ. ಮಾರ್ಚಲ್ಲಿ ಸ್ಯಾಂಪಲ್ ತಗೊಂಡು ಹೋದ್ರೆ ಆ ಮನುಷ್ಯ ಕಾಳು ಮುಟ್ಟೋಕೆ ಮೊದ್ಲೇ "ನೆಂದ ಮಾಲಲ್ವಾ ರೈಟ್ರೇ ಇದು" ಅಂತ ಫೋನ್ ತೆಗೆದು ನನ್ನ ಕೊಲಾಜನ್ನ ನಂಗೇ ತೋರಿಸ್ದ.